ಬಿಸಿಯೂಟದ ತಟ್ಟೆ ತುಂಬಿದ ಬಗೆ

ಶಾಲೆಯಿಂದ ಅಕ್ಕಿ ಮನೆಗೆ ಬರುತ್ತಿದ್ದ ಕಾಲ ಇಂದಿನ ಅಪ್ಪ-ಅಮ್ಮಂದಿರಿಗೆ ನೆನಪಿರಬಹುದು. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಆರಂಭಿಸಿದ ಯೋಜನೆಯಡಿ, ಶೇ 80ರಷ್ಟು ಹಾಜರಾತಿ ಇದ್ದ ಮಗುವಿಗೆ ತಿಂಗಳಿಗೆ ಮೂರು ಕೆ.ಜಿ. ಧಾನ್ಯ ಸಿಗುತ್ತಿತ್ತು. ಮನೆ ಸೇರಿದ ಅಕ್ಕಿ ಮನೆಮಂದಿಗೆಲ್ಲ ಹಂಚಿಹೋಗುತ್ತಿತ್ತು. ಮಧ್ಯಾಹ್ನ ತರಗತಿಯಲ್ಲಿ ಕೂತ ಮಗುವಿನ ಹೊಟ್ಟೆ ಮಾತ್ರ ಚುರುಗುಟ್ಟುತ್ತಲೇ ಇತ್ತು. ಧಾನ್ಯ ಕೊಟ್ಟರೆ ಸಾಲದು, ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2001ರ ನವೆಂಬರ್ 28ರಂದು, ಆಹಾರದ ಹಕ್ಕಿನ ಪ್ರಕರಣದಲ್ಲಿ. ಪಕ್ಕದ ತಮಿಳುನಾಡಿನ ಶಾಲೆಗಳಲ್ಲಿ ಮುಖ್ಯಮಂತ್ರಿಯಾಗಿದ್ದ ಕಾಮರಾಜರ ಕಾಲದಿಂದಲೇ ಒಲೆ ಉರಿಯುತ್ತಿತ್ತು ಎನ್ನುವುದು ಬೇರೆ ಮಾತು.

ನಮ್ಮಲ್ಲಿ ಬಿಸಿಯೂಟ ಯೋಜನೆಯಾದ ಅಕ್ಷರ ದಾಸೋಹ ಶುರುವಾದದ್ದು 2002ರಲ್ಲಿ. ಬೀದರ್, ಕಲಬುರಗಿ, ರಾಯಚೂರು ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ. ಮರುವರ್ಷ ಉಳಿದ ಜಿಲ್ಲೆಗಳಿಗೂ, 2007ರಲ್ಲಿ ಪ್ರೌಢಶಾಲೆಗಳಿಗೂ ಹಬ್ಬಿತು.

ಆದೇಶ ಹೊರಟ ಮಾತ್ರಕ್ಕೆ ಅನ್ನ ಬೇಯುವುದಿಲ್ಲ. ಐದನೇ ತರಗತಿವರೆಗಿನ ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂದು ಲೆಕ್ಕ. 120 ಮಕ್ಕಳಿದ್ದರೆ ದಿನಕ್ಕೆ 12 ಕೆ.ಜಿ. ಅಕ್ಕಿ ಆರಿಸಿ ತೊಳೆಯಬೇಕು, ಆರು ಕೆ.ಜಿ. ತರಕಾರಿ ಹೆಚ್ಚಬೇಕು, ಊಟವಾದ ಮೇಲೆ ಕೊಪ್ಪರಿಗೆ ಉಜ್ಜಬೇಕು. ಇದನ್ನೆಲ್ಲ ಹೊತ್ತವರು ಅದೇ ಊರಿನ ಹೆಣ್ಣುಮಕ್ಕಳು. ಇವರ ಗೌರವಧನಕ್ಕೆ ಕೇಂದ್ರ ಇಟ್ಟ ಮಾನದಂಡ 2009ರಿಂದಲೂ ತಿಂಗಳಿಗೆ ಬರೀ 1,000 ರೂಪಾಯಿ. ರಾಜ್ಯ ತನ್ನ ಪಾಲು ಸೇರಿಸುತ್ತಾ ಬಂದಿದ್ದರೂ, ಬಿಸಿಯೂಟದವರು ಬೆಂಗಳೂರಿಗೆ ಬಂದು ಧರಣಿ ಕೂರುವುದು ನಿಂತಿಲ್ಲ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಅಗ್ಗಕ್ಕೆ ದುಡಿಯುವವರು ಇವರೇ.

ನಗರಗಳ ದಾರಿ ಬೇರೆ. 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕೊಡುತ್ತಾ ಆರಂಭವಾದ ಅಕ್ಷಯ ಪಾತ್ರ ಪ್ರತಿಷ್ಠಾನ, ಒಂದೇ ದೊಡ್ಡ ಅಡುಗೆಮನೆಯಿಂದ ಹತ್ತಾರು ಶಾಲೆಗಳಿಗೆ ವಾಹನದಲ್ಲಿ ಊಟ ಕಳಿಸುವ ಪದ್ಧತಿಯನ್ನು ಗಟ್ಟಿಗೊಳಿಸಿತು. ಶುಚಿತ್ವದ ಬಗ್ಗೆ ಮೆಚ್ಚುಗೆ, ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಸಾಂಬಾರಿನ ಬಗ್ಗೆ ತಕರಾರು ಎರಡೂ ಇವೆ.

ಹಾಲು ಬಂದದ್ದು ಹೈನುಗಾರಿಕೆಯ ಲೆಕ್ಕಾಚಾರದಿಂದ. ಹಾಲಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನ ಏರಿದಂತೆ ರೈತರು ಡೇರಿಗೆ ಹೆಚ್ಚು ಹಾಲು ಹಾಕತೊಡಗಿದರು, ಹಾಲು ಉಳಿಯತೊಡಗಿತು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾಯಿತು. ಕರ್ನಾಟಕ ಹಾಲು ಮಹಾಮಂಡಳದ 18 ಗ್ರಾಂ ಕೆನೆಭರಿತ ಹಾಲಿನಪುಡಿ ನೀರಿನಲ್ಲಿ ಕದಡಿ 150 ಮಿ.ಲೀ. ಹಾಲಾಗಿ ಮಗುವಿನ ಲೋಟಕ್ಕೆ ಬಿತ್ತು. ಹಳ್ಳಿಯ ರೈತ ಮತ್ತು ಹಳ್ಳಿಯ ಮಗು, ಇಬ್ಬರಿಗೂ ಲಾಭವಾದದ್ದು ಇಲ್ಲೊಂದರಲ್ಲೇ ಎಂದರೂ ತಪ್ಪಾಗಲಾರದು.

ಮೊಟ್ಟೆಗೆ ಮಾತ್ರ ಜಗಳವಾಡಬೇಕಾಯಿತು. 2021ರ ಡಿಸೆಂಬರ್‌ನಲ್ಲಿ ಅಪೌಷ್ಟಿಕತೆ ಹೆಚ್ಚಿರುವ ಕಲ್ಯಾಣ ಕರ್ನಾಟಕದ ಭಾಗದಲ್ಲಿ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ಗಂಗಾವತಿಯ ಶಾಲಾ ಹುಡುಗಿಯರು ಕ್ಯಾಮೆರಾ ಎದುರು ನಿಂತು ನಮಗೆ ಮೊಟ್ಟೆ ಬೇಕೇ ಬೇಕು ಎಂದು ಜೋರು ಮಾಡಿದ್ದನ್ನು ರಾಜ್ಯವೆಲ್ಲ ನೋಡಿತು. ಒಲ್ಲದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಎಂದಾಗಿ ಯೋಜನೆ ಮುಂದೆ ಸಾಗಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ ಮೇಲೆ ವಾರಕ್ಕೆ ಎರಡಿದ್ದ ಮೊಟ್ಟೆ ಆರಾಯಿತು. ಅದೇ ವರ್ಷ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್ ಜೊತೆಗೂಡಿದ ಮೇಲೆ ವಾರಕ್ಕೆ ಮೂರು ದಿನ ಹಾಲಿಗೆ ರಾಗಿ ಪುಡಿಯೂ ಬಿತ್ತು.

ಇಷ್ಟೆಲ್ಲ ಕೈ ಸೇರಿದ ಈ ಊಟದಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಜೋಳದ ನಾಡಿನ ಮಗುವೂ ಶಾಲೆಯಲ್ಲಿ ಉಣ್ಣುವುದು ಗೋದಾಮಿನಿಂದ ಬಂದ ಅಕ್ಕಿಯ ಅನ್ನವನ್ನೇ. ಶಾಲೆಯ ಬೇಲಿಯಾಚೆ ಜೋಳ ಬೆಳೆಯುವ ರೈತನಿಗೂ ಈ ಅಡುಗೆಮನೆಗೂ ಸಂಬಂಧವಿಲ್ಲ. ಬ್ರೆಜಿಲ್ 2009ರಲ್ಲೇ ಕಾನೂನು ಮಾಡಿ, ಶಾಲಾ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇ 30ರಷ್ಟನ್ನು ಸಣ್ಣ ರೈತ ಕುಟುಂಬಗಳಿಂದ ಖರೀದಿಸಲು ಬಳಸಬೇಕೆಂದು ವಿಧಿಸಿತು. ನಮ್ಮಲ್ಲಿ ಅಂಥ ನಿಯಮಕ್ಕೆ ಜಾಗ ಇರುವುದು ಸದ್ಯಕ್ಕೆ ತರಕಾರಿಯಲ್ಲಿ. ಅದನ್ನು ಸಂತೆಯಿಂದಲೋ ಊರಿನ ತೋಟದಿಂದಲೋ ತರುವ ಸ್ವಾತಂತ್ರ್ಯ ಬಹುಮಟ್ಟಿಗೆ ಶಾಲೆಯದೇ. ಕೆಲವೆಡೆ ಶಾಲೆಯ ಕೈತೋಟದ ನುಗ್ಗೆಸೊಪ್ಪು ಸಾಂಬಾರಿಗೆ ಬೀಳುತ್ತದೆ, ಪೋಷಕರು ಹಿತ್ತಲಿನ ಕುಂಬಳಕಾಯಿ ತಂದಿಡುತ್ತಾರೆ. 120 ಮಕ್ಕಳ ಶಾಲೆಗೆ ದಿನಕ್ಕೆ ಆರು ಕೆ.ಜಿ. ತರಕಾರಿ ಎಂದರೆ ಊರಿನ ಒಂದೆರಡು ಸಣ್ಣ ತೋಟಗಳಿಗೆ ಖಾತರಿ ಗಿರಾಕಿ ಸಿಕ್ಕಂತೆ. ಅದಕ್ಕೆ ಹೊಸ ಯೋಜನೆಯನ್ನೇನೂ ಕಾಯಬೇಕಿಲ್ಲ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯೊಂದು ಸಾಕು.