ಸೋಂಕಿತ ರಕ್ತಕ್ಕೆ ಪರಿಹಾರ: ನೋಂದಣಿಗೆ ಹಣ ಕೇಳಿದರೆ ಮೋಸ!

ಬ್ರಿಟನ್‌ನಲ್ಲಿ ಸೋಂಕಿತ ರಕ್ತ ಪಡೆದವರಿಗೆ ಸರ್ಕಾರ ಪರಿಹಾರ ಕೊಡುತ್ತಿದೆಯೇ?
ನಿಜ. 1970ರ ದಶಕದಿಂದ 1990ರ ದಶಕದ ಆರಂಭದವರೆಗೆ ಅಲ್ಲಿ 30,000ಕ್ಕೂ ಹೆಚ್ಚು ಮಂದಿಗೆ ರಕ್ತ, ರಕ್ತೋತ್ಪನ್ನಗಳ ಮೂಲಕ ಎಚ್‌ಐವಿ, ಹೆಪಟೈಟಿಸ್ ಸಿ ತಗುಲಿತು. ಪರಿಹಾರ ಕೊಡಲೆಂದೇ 2024ರಲ್ಲಿ ಇನ್‌ಫೆಕ್ಟೆಡ್ ಬ್ಲಡ್ ಕಾಂಪೆನ್ಸೇಶನ್ ಅಥಾರಿಟಿ ಸ್ಥಾಪನೆಯಾಯಿತು.

ನೋಂದಣಿಗೆ ಶುಲ್ಕವಿದೆಯೇ?
ಇಲ್ಲ. 'ಫೀಸ್ ಕಟ್ಟಿ, ಬೇಗ ಮಾಡಿಸಿಕೊಡುತ್ತೇವೆ' ಎಂದು ಕರೆ ಮಾಡುವವರಿಗೆ ಹಣ, ಒಟಿಪಿ, ಬ್ಯಾಂಕ್ ವಿವರ ಕೊಡಬೇಡಿ. ಮೆಸೇಜಿನಲ್ಲಿ ಬಂದ ಲಿಂಕ್ ಒತ್ತದೆ, ಪ್ರಾಧಿಕಾರದ ವೆಬ್‌ಸೈಟನ್ನು ನೀವೇ ಹುಡುಕಿ ತೆರೆಯಿರಿ.

ಆ ಕಾಲದಲ್ಲಿ ಅಲ್ಲಿ ರಕ್ತ ಹಾಕಿಸಿಕೊಂಡ ಬಂಧುಗಳಿದ್ದರೆ?
ಮೊದಲು ಪರೀಕ್ಷೆ ಮಾಡಿಸಲು ಹೇಳಿ ಎನ್ನುತ್ತೇವೆ ನಾವು. ಹೆಪಟೈಟಿಸ್ ಸಿ ದಶಕಗಳ ಕಾಲ ಲಕ್ಷಣ ತೋರದೆ ಲಿವರ್ ಕೆಡಿಸಬಹುದು. ರಕ್ತ ಪರೀಕ್ಷೆಯಲ್ಲಿ ಅದು ಪತ್ತೆಯಾಗುತ್ತದೆ. ಬಹುತೇಕರಿಗೆ ಮಾತ್ರೆಗಳಿಂದಲೇ ವಾಸಿಯಾಗುತ್ತದೆ.

ಬ್ರಿಟನ್‌ನಲ್ಲಿರುವ ನಿಮ್ಮವರಿಗೆ ಇದನ್ನು ಫಾರ್ವರ್ಡ್ ಮಾಡಿ.