ಹಣ, ಕಾಸು, ದುಡ್ಡು, ರೊಕ್ಕ

ಗದಗ ಜಿಲ್ಲೆಯ ಇಟಗಿಯಲ್ಲಿ ಅಂಗಡಿಗೆ ಹೋದವರು 'ರೊಕ್ಕ ಎಷ್ಟಾತರಿ?' ಎಂದು ಕೇಳುತ್ತಾರೆ. ಮೈಸೂರಿನವರು 'ದುಡ್ಡು ಎಷ್ಟಾಯಿತು?' ಎನ್ನುತ್ತಾರೆ. 'ಕೈಯಲ್ಲಿ ಕಾಸಿಲ್ಲ' ಎಂಬ ಮಾತನ್ನೂ ನೀವು ಕೇಳಿದ್ದೀರಿ. ಬರವಣಿಗೆಯಲ್ಲಿ 'ಹಣ' ಹೆಚ್ಚು ಬಳಕೆಯಲ್ಲಿದೆ. ಈ ನಾಲ್ಕೂ ಸಮಾನಾರ್ಥಕ ಪದಗಳೆಂದು ಪಾಠದಲ್ಲಿ ಕಲಿತಿದ್ದೀರಿ. ಆದರೆ ಮೊದಲಿನಿಂದಲೂ ಇವು ಒಂದೇ ಅರ್ಥದ ಪದಗಳಲ್ಲ.

'ಹಣ' ಎಂಬುದು ಒಂದು ಪುಟ್ಟ ಚಿನ್ನದ ನಾಣ್ಯದ ಹೆಸರು. ವಿಜಯನಗರದ ಕಾಲದಲ್ಲಿ ಹತ್ತು ಹಣ ಸೇರಿದರೆ ಒಂದು ವರಹ. ಸಂಸ್ಕೃತದ 'ಪಣ'ವೇ ಇದರ ಮೂಲ. 'ಪಾಲು' ಹಾಲಾದಂತೆ, 'ಪೂ' ಹೂವಾದಂತೆ 'ಪಣ' ಹಣವಾಯಿತು. 'ಪಣ ತೊಟ್ಟು ಓದಿದ' ಎನ್ನುವಾಗ ಹಳೆಯ ರೂಪವೇ ಬೇರೆ ಅರ್ಥದಲ್ಲಿ ಉಳಿದಿರುವುದನ್ನು ಗಮನಿಸಿ.

'ಕಾಸು' ಚೋಳರ ಕಾಲದಲ್ಲಿ ಚಿನ್ನದ ನಾಣ್ಯಕ್ಕೂ ಸಲ್ಲುತ್ತಿದ್ದ ಹೆಸರು. ಮುಂದೆ ಅದು ತಾಮ್ರಕ್ಕೆ ಇಳಿಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳ ಮೇಲೆ ಕನ್ನಡದಲ್ಲಿ 'ಕಾಸು' ಎಂದೂ ಇಂಗ್ಲಿಷಿನಲ್ಲಿ 'ಕ್ಯಾಷ್' ಎಂದೂ ಇದೆ. ಈ 'ಕ್ಯಾಷ್' ತಮಿಳಿನ ಕಾಸಿನಿಂದ ಪೋರ್ಚುಗೀಸರ ಮೂಲಕ ಇಂಗ್ಲಿಷಿಗೆ ಹೋದದ್ದು. ಬ್ಯಾಂಕಿನ 'ಕ್ಯಾಷ್' ಬೇರೆ. ಅದಕ್ಕೆ ಪೆಟ್ಟಿಗೆ ಎಂಬ ಅರ್ಥದ ಫ್ರೆಂಚ್ ಪದ ಮೂಲ. ಉಚ್ಚಾರ ಒಂದಾದ ಮಾತ್ರಕ್ಕೆ ಮೂಲವೂ ಒಂದೆಂದು ತಿಳಿಯಬಾರದು.

'ದುಡ್ಡು' ಕೂಡ ತಾಮ್ರದ ನಾಣ್ಯವೇ. 'ರೊಕ್ಕ' ಮಾತ್ರ ನಾಣ್ಯದ ಹೆಸರಲ್ಲ. ಅದು ಕೈಮೇಲೆ ಎಣಿಸಿಕೊಡುವ ನಗದು. ಅದರ ಎದುರು ಪದ 'ಉದ್ದರಿ'.

ಇಟಗಿಯ ಸೀಮೆಗೆ ಸೇರಿದ ಲಕ್ಕುಂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲಕ್ಕೆ ಟಂಕಸಾಲೆ ಇತ್ತು. ಅಲ್ಲಿಯ ಚಿನ್ನದ ನಾಣ್ಯ 'ಲೊಕ್ಕಿಗದ್ಯಾಣ' ಎಂದು ಪ್ರಸಿದ್ಧ. ಇಂದು ಗದ್ಯಾಣವೂ ಇಲ್ಲ, ವರಹವೂ ಇಲ್ಲ. ಆ ಹೆಸರುಗಳು ದಿನದ ಮಾತಿನಲ್ಲೂ ಇಲ್ಲ. ಉಳಿದದ್ದು ಸಣ್ಣ ನಾಣ್ಯಗಳ ಹೆಸರು. ಕೈಯಿಂದ ಕೈಗೆ ಹೆಚ್ಚು ಓಡಾಡಿದ ನಾಣ್ಯದ ಹೆಸರೇ ಕೊನೆಗೆ ಸಕಲ ಸಂಪತ್ತಿನ ಹೆಸರಾಯಿತು.

ಆದ್ದರಿಂದ ಶಾಸನದಲ್ಲೋ ಹಳೆಯ ಸಾಲಪತ್ರದಲ್ಲೋ 'ಐದು ಹಣ' ಎಂದಿದ್ದರೆ ಅದನ್ನು ಇಂದಿನ ಅರ್ಥದಲ್ಲಿ ಓದಬೇಡಿ. ಅಲ್ಲಿ ಐದು ನಾಣ್ಯಗಳ ಲೆಕ್ಕವಿದೆ. 25 ಪೈಸೆಯ ನಾಣ್ಯದ ಚಲಾವಣೆ 2011ರಲ್ಲಿ ನಿಂತಿತು. ಅದನ್ನು 'ನಾಲ್ಕಾಣೆ' ಎನ್ನುತ್ತಿದ್ದ ಹಿರಿಯರು ನಿಮ್ಮ ಮನೆಯಲ್ಲಿಯೇ ಇದ್ದಾರೆ. ಅಂಥ ಇನ್ನೆಷ್ಟು ಹೆಸರುಗಳು ಅವರಿಗೆ ಗೊತ್ತು ಎಂದು ಕೇಳಿ, ಬರೆದಿಟ್ಟುಕೊಳ್ಳಿ.