ಮೇದೋಜೀರಕ ಗ್ರಂಥಿಯ ಶಸ್ತ್ರಚಿಕಿತ್ಸೆ: ತೊಡಕುಗಳ ಮುನ್ಸೂಚನೆಯಲ್ಲಿ ರಕ್ತಪರೀಕ್ಷೆಯ ಪಾತ್ರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ - 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದ ಈ ತಾಲ್ಲೂಕುಗಳ ರೋಗಿಗೆ ಮೇದೋಜೀರಕ ಗ್ರಂಥಿಯ ಶಸ್ತ್ರಚಿಕಿತ್ಸೆ ಅಗತ್ಯವಾದಾಗ ದೂರದ ನಗರದ ದೊಡ್ಡ ಆಸ್ಪತ್ರೆಯೇ ಗತಿ. ಬೆಂಗಳೂರಿನಿಂದ ಚಿತ್ರದುರ್ಗದ ಮಾರ್ಗವಾಗಿ ಕೂಡ್ಲಿಗಿ ತಲುಪಲು ಹಲವು ಗಂಟೆಗಳು ಬೇಕು. ಮನೆಗೆ ಮರಳಿದ ಮೇಲೆ ತೊಡಕು ಕಾಣಿಸಿಕೊಂಡರೆ ಆ ದೂರವೇ ಪ್ರಾಣಕ್ಕೆ ಮುಳುವಾಗಬಹುದು. ಆದುದರಿಂದ ಯಾರನ್ನು ಯಾವಾಗ ಕಳುಹಿಸಬಹುದು ಎಂಬ ಪ್ರಶ್ನೆ ಇಲ್ಲಿ ಹೆಚ್ಚು ಮಹತ್ವದ್ದಾಗಿದೆ.

ಮೇದೋಜೀರಕ ಗ್ರಂಥಿಯು ಜಠರದ ಹಿಂಭಾಗದಲ್ಲಿ ಅಡ್ಡಲಾಗಿರುವ ಮೃದುವಾದ ಅಂಗ. ದಿನಕ್ಕೆ ಒಂದು ಲೀಟರಿಗೂ ಮಿಕ್ಕಿ ಜೀರ್ಣರಸವನ್ನು ಇದು ಸ್ರವಿಸುತ್ತದೆ. ಇದರ ಶಿರೋಭಾಗದಲ್ಲಿ ಗಡ್ಡೆ ಬೆಳೆದಾಗ ಆ ಭಾಗವನ್ನು ಡುವೊಡಿನಮ್ ಹಾಗೂ ಪಿತ್ತಕೋಶಗಳೊಡನೆ ತೆಗೆದು, ಉಳಿದ ಗ್ರಂಥಿಯನ್ನು ಸಾಮಾನ್ಯವಾಗಿ ಸಣ್ಣ ಕರುಳಿಗೆ ಜೋಡಿಸಲಾಗುತ್ತದೆ. 1935ರಲ್ಲಿ ಈ ಬಗೆಯ ಚಿಕಿತ್ಸೆಯನ್ನು ಪ್ರಕಟಿಸಿದ ಅಮೆರಿಕದ ಅಲೆನ್ ವಿಪಲ್ ಅವರ ಹೆಸರಿನಿಂದಲೇ ಇದು ಪ್ರಸಿದ್ಧವಾಗಿದೆ. ಜೋಡಣೆ ಸೋರಿದರೆ, ಆಹಾರವನ್ನು ಕರಗಿಸಬೇಕಾದ ರಸವು ಉದರದ ಅಂಗಾಂಶಗಳನ್ನೇ ಕರಗಿಸತೊಡಗುತ್ತದೆ. ಕೀವು ತುಂಬಬಹುದು, ರಕ್ತನಾಳ ಒಡೆಯಲೂಬಹುದು.

ಶಸ್ತ್ರಚಿಕಿತ್ಸೆಯ ಮೂರನೆಯ ದಿನ ಅಥವಾ ಅನಂತರ, ಉದರದಿಂದ ಹೊರಬಿಟ್ಟ ಕೊಳವೆಯ ದ್ರವದಲ್ಲಿ ಅಮೈಲೇಸ್ ಪ್ರಮಾಣವು ರಕ್ತದ ಸಹಜ ಗರಿಷ್ಠ ಮಿತಿಯ ಮೂರು ಪಟ್ಟನ್ನು ಮೀರಿದರೆ ಅದು ಸೋರಿಕೆ ಎಂದು ಅಂತಾರಾಷ್ಟ್ರೀಯ ತಜ್ಞರ ತಂಡವು 2005ರಲ್ಲಿ ನಿರೂಪಿಸಿತು. ಆದರೆ ಎಲ್ಲ ಸೋರಿಕೆಯೂ ಅಪಾಯಕಾರಿಯಲ್ಲ. ರೋಗಿಯ ಸ್ಥಿತಿಯನ್ನು ಬಾಧಿಸದ ಸೋರಿಕೆಯನ್ನು 2016ರ ಪರಿಷ್ಕರಣೆಯು ಬೇರೆಯಾಗಿಯೇ ಪರಿಗಣಿಸಿದೆ. ಅಪಾಯಕಾರಿಯಾದುದು ಯಾವುದೆಂದು ಮುಂಚಿತವಾಗಿ ಊಹಿಸಲು ರಕ್ತಪರೀಕ್ಷೆ ನೆರವಾಗುತ್ತದೆ.

ಇವುಗಳಲ್ಲಿ ಮುಖ್ಯವಾದುದು ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿಆರ್‌ಪಿ. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಪತ್ತೆಯಾದ ಇದನ್ನು ಉರಿಯೂತದ ಸಂದರ್ಭದಲ್ಲಿ ಯಕೃತ್ತು ಉತ್ಪಾದಿಸುತ್ತದೆ. ಶಸ್ತ್ರಚಿಕಿತ್ಸೆಯ ಗಾಯದಿಂದಲೇ ಇದು ಏರಿ, ಎರಡು-ಮೂರು ದಿನಗಳಲ್ಲಿ ಶಿಖರ ಮುಟ್ಟುತ್ತದೆ. ರಕ್ತದಲ್ಲಿ ಇದರ ಅರ್ಧಾಯುಷ್ಯ ಸುಮಾರು 19 ಗಂಟೆಗಳು. ಆದುದರಿಂದ ಹೊಸ ಪ್ರಚೋದನೆ ಇಲ್ಲದಿದ್ದರೆ ಅನಂತರ ಇಳಿಯಲೇಬೇಕು. ಇಳಿಯದೆ ಮತ್ತೆ ಏರಿದರೆ ಕಾರಣವನ್ನು ಹುಡುಕಬೇಕು. ಆ ಕಾರಣ ಸೋರಿಕೆಯೇ ಆಗಬೇಕೆಂದಿಲ್ಲ. ಶ್ವಾಸಕೋಶದ ಸೋಂಕಿನಿಂದಲೂ ಸಿಆರ್‌ಪಿ ಏರುತ್ತದೆ. ಹೀಗಾಗಿ ಈ ಪರೀಕ್ಷೆಯ ಬಲವಿರುವುದು ತೊಡಕನ್ನು ಸಾಬೀತುಪಡಿಸುವುದರಲ್ಲಿ ಅಲ್ಲ, ತೊಡಕಿನ ಸಂಭವ ಕಡಿಮೆಯೆಂದು ಭರವಸೆ ನೀಡುವುದರಲ್ಲಿ.

ರಕ್ತದ ಅಮೈಲೇಸ್ ಮೊದಲ ದಿನವೇ ಏರಿ 48 ಗಂಟೆಗಳ ಕಾಲ ಹಾಗೆಯೇ ಉಳಿದರೆ, ಉಳಿದ ಗ್ರಂಥಿಯಲ್ಲಿ ಉರಿಯೂತವಿರಬಹುದೆಂದು ಶಂಕಿಸಬೇಕು. ಪ್ರೊಕ್ಯಾಲ್ಸಿಟೋನಿನ್ ಬ್ಯಾಕ್ಟೀರಿಯಾ ಸೋಂಕಿನತ್ತ ಬೆರಳು ತೋರುತ್ತದೆ.

ಸಂಖ್ಯೆಯನ್ನು ಗಮನಿಸಿ ತಕ್ಷಣ ಕ್ರಮ ಕೈಗೊಂಡರೆ ಫಲವುಂಟೆಂಬುದನ್ನು 2022ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನ ತೋರಿಸಿದೆ. 1748 ರೋಗಿಗಳನ್ನು ಒಳಗೊಂಡ ಈ ಅಧ್ಯಯನದಲ್ಲಿ ರೋಗಲಕ್ಷಣ, ಸಿಆರ್‌ಪಿ, ಬಿಳಿ ರಕ್ತಕಣ, ಕೊಳವೆಯ ಅಮೈಲೇಸ್‌ಗಳನ್ನು ಆಧರಿಸಿ ಸಿ.ಟಿ. ಸ್ಕ್ಯಾನ್ ಯಾವಾಗ ಅಗತ್ಯವೆಂಬುದನ್ನು ನಿರ್ಧರಿಸಲಾಯಿತು. ಮರಣ ಪ್ರಮಾಣವು ಶೇ. 5ರಿಂದ ಶೇ. 3ಕ್ಕೆ ಇಳಿಯಿತು.

ದೂರದ ಊರಿನ ರೋಗಿಗೆ ಇದರಿಂದ ದೊರೆಯುವ ಪಾಠ ಸ್ಪಷ್ಟ. ಸಿಆರ್‌ಪಿ ಇಳಿಮುಖವಾಗಿದೆಯೆಂದು ಖಚಿತವಾದ ಮೇಲೆಯೇ, ಇತರ ಲಕ್ಷಣಗಳನ್ನೂ ಪರಿಶೀಲಿಸಿ, ರೋಗಿಯನ್ನು ಬೀಳ್ಕೊಡುವುದು ಉಚಿತ. ದಿನವಾರು ಅಂಕಿಗಳನ್ನು ಬಿಡುಗಡೆ ಪತ್ರದಲ್ಲಿ ನಮೂದಿಸಿದರೆ, ಜ್ವರವೋ ಹೊಟ್ಟೆನೋವೋ ಬಂದಾಗ ಸಮೀಪದ ವೈದ್ಯರು ಹೊಸ ಅಂಕಿಯನ್ನು ಹಳೆಯದರೊಡನೆ ಹೋಲಿಸಿ, ವಿಳಂಬವಿಲ್ಲದೆ ರೋಗಿಯನ್ನು ಮರಳಿ ಕಳುಹಿಸಬಹುದು.